ನರ್ಸಮ್ಮ ಕೇಳಿದರೆ ಇಲ್ಲ ಅನ್ನೋದುಂಟೇ

ಹಿತ್ತಲಿನಲ್ಲಿ ಕರಿಬೇವಿನ ಗಿಡ ಸೊಂಪಾಗಿ, ಕಪ್ಪುಹಸಿರಾಗಿ ಬೆಳೆದು ನಿಂತಿರುವುದನ್ನು ಕಂಡರೆ ನಿಮಗೆ ಒಗ್ಗರಣೆಯ ಘಮ ನೆನಪಾಗಬಹುದು. ನನಗೆ ಮಾತ್ರ ರಕ್ತಹೀನತೆ ನೆನಪಾಗುತ್ತದೆ. ನಗಬೇಡಿ, ಕಾರಣವಿದೆ. ಹುಣಸೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮೂವತ್ತೇಳು ವರ್ಷ ಸರ್ಕಾರಿ ನರ್ಸಾಗಿ ಮನೆಯಿಂದ ಮನೆಗೆ ತಿರುಗಿದವಳು ನಾನು. ಬಸುರಿಯರಿಗೆ ತಿಂಗಳಿಗಾಗುವಷ್ಟು ಕಬ್ಬಿಣದ ಮಾತ್ರೆ ಕೊಟ್ಟು ಬರುವುದು, ಮುಂದಿನ ತಿಂಗಳು ಹೋಗಿ “ನುಂಗಿದೆಯೇನಮ್ಮ?” ಎಂದು ಕೇಳುವುದು, ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ “ಊಂ ಕಣ್ರವ್ವ, ಒಂದಿನಾನೂ ತಪ್ಪುಸ್ನಿಲ್ಲ” ಅನ್ನುವುದು, ನಾನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು, ಇದು ಆ ಕೆಲಸದ ಕ್ರಮ. ಆಮೇಲೆ ಕೈ ತೊಳೆಯುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋಗಿ ಕರಿಬೇವಿನ ಬುಡ ನೋಡಿದರೆ, ಅಲ್ಲಿ ಕೆಂಪು ಮಾತ್ರೆಗಳು ಅರ್ಧ ಕರಗಿ, ಮಣ್ಣಿಗೆಲ್ಲ ಬಣ್ಣ ಹತ್ತಿಸಿಕೊಂಡು ಬಿದ್ದಿರುತ್ತಿದ್ದವು. ನುಂಗಿದರೆ ಹೊಟ್ಟೆ ತೊಳಸುತ್ತದೆ. ಬೀದಿಗೆ ಎಸೆದರೆ ನರ್ಸಮ್ಮನ ಕಣ್ಣಿಗೆ ಬೀಳುತ್ತದೆ. ಗಿಡಕ್ಕೆ ಹಾಕಿದರೆ ಗಿಡವಾದರೂ ಬದುಕುತ್ತದೆ. ಎಷ್ಟು ಕರಿಬೇವಿನ ಗಿಡಗಳಿಗೆ ನಾನು ರಕ್ತ ಏರಿಸಿದ್ದೇನೋ ದೇವರೇ ಬಲ್ಲ.

ಮೊದಮೊದಲು ಸಿಟ್ಟು ನೆತ್ತಿಗೇರುತ್ತಿತ್ತು. ನನ್ನ ಸಿಟ್ಟು ಆ ಸುತ್ತಿನಲ್ಲಿ ಹೆಸರು ಮಾಡಿದ್ದು. ನಾನು ಬಸ್ಸಿಳಿದೆನೆಂದು ಗೊತ್ತಾದರೆ ಚುಚ್ಚುಮದ್ದು ತಪ್ಪಿಸಿಕೊಂಡಿದ್ದ ಮಕ್ಕಳನ್ನು ತಾಯಂದಿರೇ ಹುಲ್ಲಿನ ಮೆದೆಯ ಹಿಂದೆ ಕೂರಿಸುತ್ತಿದ್ದರು. ಬಾಯಿಗೆ ಬಂದಂತೆ ಬಯ್ದು, ಬಯ್ದ ಮೇಲೆ ಅದೇ ಮನೆಯಲ್ಲಿ ಮುದ್ದೆ ಉಂಡು ಬರುತ್ತಿದ್ದೆ. ವರ್ಷಗಳು ಕಳೆದಂತೆ ಒಂದು ಸಂಗತಿ ಅರ್ಥವಾಯಿತು. ಬಿಸಿಲಲ್ಲಿ ನಡೆದು ಬಂದ ಹೆಣ್ಣುಮಗಳಿಗೆ ಮೊದಲು ನೀರು ಕೊಡಬೇಕು, ಆಮೇಲೆ ಒಂದಚ್ಚು ಬೆಲ್ಲ ಕೊಡಬೇಕು, ಆಮೇಲೆ ಅವಳು ಏನು ಕೇಳಿದರೂ ಊಂ ಅನ್ನಬೇಕು. ಈ ಮೂರೂ ನಮ್ಮ ಕಡೆಯವರಿಗೆ ಒಂದೇ ಮರ್ಯಾದೆಯ ಮೂರು ಭಾಗ. ನೀರು ಕೊಟ್ಟು ‘ಇಲ್ಲ’ ಅಂದರೆ ಕೊಟ್ಟ ನೀರಿಗೇ ಅವಮಾನ. ಇದನ್ನು ಸುಳ್ಳು ಎಂದು ಕರೆಯಲು ನನಗೆ ಮನಸ್ಸು ಬಾರದು, ನಿಜ ಎಂದು ಬರೆದುಕೊಳ್ಳುವುದಕ್ಕೂ ಬಾರದು. ಆದ್ದರಿಂದ ಕಿವಿಯಲ್ಲಿ ಕೇಳಿದ್ದನ್ನು ಪುಸ್ತಕಕ್ಕೆ, ಕಣ್ಣಲ್ಲಿ ಕಂಡದ್ದನ್ನು ಮನಸ್ಸಿಗೆ ಎಂದು ಎರಡು ದಾಖಲೆ ಇಟ್ಟುಕೊಂಡು ಕೆಲಸ ಮುಗಿಸಿದೆ. ‘ಊಂ’ ಅಂದವರನ್ನು ಎಂದೂ ನಂಬಲಿಲ್ಲ. ಇಷ್ಟು ಜಂಬ ಕೊಚ್ಚಿಕೊಂಡ ಮೇಲೆ ನಾನು ಮೋಸಹೋದ ಕತೆಯನ್ನು ಹೇಳಬೇಕು, ಅದಕ್ಕೇ ಕೂತಿದ್ದೇನೆ.

ನಿವೃತ್ತಿಯಾದ ಮೇಲೆ ಎರಡು ವರ್ಷ ಮನೆಯಲ್ಲೇ ಇದ್ದೆ. ನನ್ನ ಯಜಮಾನರು ಹುಣಸೂರಿನ ಮರದ ಡಿಪೋ ಒಂದರಲ್ಲಿ ಗುಮಾಸ್ತರಾಗಿದ್ದವರು. ದಿಮ್ಮಿಗಳ ಜೊತೆ ಬದುಕಿ ಬದುಕಿ ಮಾತು ಕಡಿಮೆ. ದಿನವಿಡೀ ಬಾಗಿಲು ಬಡಿದು ಪ್ರಶ್ನೆ ಕೇಳುತ್ತಿದ್ದವಳಿಗೆ ಮಾತನಾಡದ ಗಂಡನೆದುರು ಕೂರುವುದು ಎಂಥ ಶಿಕ್ಷೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಷ್ಟರಲ್ಲಿ ಮೈಸೂರಿನ ಒಂದು ಖಾಸಗಿ ಸಮೀಕ್ಷಾ ಸಂಸ್ಥೆಯವರು, ಹಳ್ಳಿಗಳ ಪರಿಚಯವಿರುವ ಹೆಂಗಸರು ಬೇಕೆಂದು ಹುಡುಕಿಕೊಂಡು ಬಂದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಆಯಾ ತಾಲ್ಲೂಕಿನ ವಿರೋಧ ಪಕ್ಷದ ನಾಯಕನನ್ನು ಜನ ಎಷ್ಟು ಮೆಚ್ಚುತ್ತಾರೆ ಎಂದು ತಿಳಿಯಬೇಕಂತೆ. ಆಳುವವರನ್ನು ಮೆಚ್ಚುವುದೋ ಬಯ್ಯುವುದೋ ಸರಿ, ಆಳದವನನ್ನು ಏನೆಂದು ಅಳೆಯುತ್ತೀರಿ ಎಂದು ಕೇಳಿದೆ. ಮುಂದಿನ ಚುನಾವಣೆಗೆ ಯಾರಿಗೆ ಟಿಕೆಟ್ ಕೊಡಬೇಕೆಂದು ಪಕ್ಷದವರು ನಿರ್ಧರಿಸುವುದು ಈಗ ಇದರಿಂದಲೇ ಎಂದು ಮೇಲ್ವಿಚಾರಕ ವಿವರಿಸಿದ. ಟ್ಯಾಬ್ ಕೊಡುತ್ತೇವೆ, ಬೆರಳಲ್ಲಿ ಒತ್ತಿದರೆ ಸಾಕು ಅಂದ. ಬೆರಳಿಗಿಂತ ಪೆನ್ನೇ ನನಗೆ ವಾಸಿ, ಕಾಗದ ಕೊಡಪ್ಪ ಎಂದು ಇಸಕೊಂಡೆ.

ಕಾಗದ ಸರಳವಾಗಿತ್ತು. ಹೆಸರು ಬರೆಯುವ ಹಾಗಿಲ್ಲ, ಊರು ಮತ್ತು ವಯಸ್ಸು ಮಾತ್ರ. ‘ನಿಮ್ಮ ತಾಲ್ಲೂಕಿನ ವಿರೋಧ ಪಕ್ಷದ ನಾಯಕರ ಕಾರ್ಯವೈಖರಿ ನಿಮಗೆ ಹೇಗೆನಿಸುತ್ತದೆ?’ ಎಂಬ ಪ್ರಶ್ನೆ, ಅದರ ಕೆಳಗೆ ಐದು ಚೌಕ: ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ, ಅತಿ ಕಳಪೆ. ಅದರ ಕೆಳಗೆ ‘ಕಾರಣ’ ಎಂದು ಒಂದು ಗೆರೆ. ಹುಣಸೂರು ತಾಲ್ಲೂಕಿನ ಹಾಳೆಗಳ ಮೇಲೆ ಅಚ್ಚಾಗಿದ್ದ ನಾಯಕನ ಹೆಸರು ನೋಡಿ ನನಗೆ ಒಳಗೊಳಗೇ ಹಿಗ್ಗು. ಅವನು ನಮ್ಮ ಚಂದ್ರು.

ನಮ್ಮ ಚಂದ್ರು ಅಂದೆನಲ್ಲ, ಅದಕ್ಕೆ ಹಕ್ಕಿದೆ ನನಗೆ. ನಾನು ಕೆಲಸಕ್ಕೆ ಸೇರಿದ ವರ್ಷ, ಕಟ್ಟೆಮಳಲವಾಡಿಗೆ ಆಚೆಯ ಒಂದು ಊರಿನಲ್ಲಿ ಸಣ್ಣತಾಯಮ್ಮ ಎಂಬ ಚೊಚ್ಚಲ ಬಸುರಿ ಹೊಗೆಸೊಪ್ಪಿನ ಎಲೆಯನ್ನು ಕೋಲಿಗೆ ಕಟ್ಟುತ್ತಾ ಕೂತಿದ್ದ ಕಡೆಯೇ ನೋವು ಕಾಣಿಸಿಕೊಂಡು ಎದ್ದು ಹೋಗಲಾಗದೆ, ಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಚ್ಚನೆಯ ಗೋಡೆಗೆ ಒರಗಿಕೊಂಡು ಹೆತ್ತಳು. ಅದು ನಾನು ಒಬ್ಬಳೇ ನಿಭಾಯಿಸಿದ ಮೊದಲ ಹೆರಿಗೆ. ಮಗು ಅಳಲಿಲ್ಲ. ನನಗಾಗ ಇಪ್ಪತ್ಮೂರು ವರ್ಷ. ಅಂಗಾಲಿಗೆ ಎರಡು ಬಿಗಿದ ಮೇಲೆ ಬಾಯಿ ಬಿಟ್ಟಿತು ನೋಡಿ, ಬ್ಯಾರನ್ನಿನ ಸೂರಿನ ಗುಬ್ಬಿಗಳೆಲ್ಲ ಎದ್ದು ಹೋದವು. ಅಂದು ಬಾಯಿ ಬಿಟ್ಟವನು ಇವತ್ತಿಗೂ ಮುಚ್ಚಿಲ್ಲ ಎಂದು ಊರವರು ತಮಾಷೆ ಮಾಡುತ್ತಾರೆ. ತಾಲ್ಲೂಕು ಕಚೇರಿಯೆದುರು ಮೈಕಿಲ್ಲದೆ ಮಾತಾಡಿದರೂ ಬಸ್ ನಿಲ್ದಾಣದವರೆಗೆ ಕೇಳುವ ಗಂಟಲು ಅವನದು. ಅವನ ಅಪ್ಪ ಬೇಗ ತೀರಿಕೊಂಡರು. ಆ ಹುಡುಗನಿಗೆ ಚುಚ್ಚುಮದ್ದು ಹಾಕಿದವಳು ನಾನು, ಹಲ್ಲು ಬಂದಾಗ ಎತ್ತಿ ಆಡಿಸಿದವಳು ನಾನು. ನನಗೆ ಮಕ್ಕಳಿಲ್ಲ. ಇದನ್ನು ಮರುಕಕ್ಕೆಂದು ಹೇಳುತ್ತಿಲ್ಲ, ಮುಂದೆ ನನ್ನ ಬುದ್ಧಿಗೆ ಏಕೆ ಮಂಕು ಕವಿಯಿತೆಂದು ನಿಮಗೆ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಕೊಡೆ ಹಿಡಿದು ಹೊರಟೆ. ಹಳೆಯ ದಾರಿಗಳು, ಹಳೆಯ ಜಗುಲಿಗಳು. “ಅಯ್ಯೋ ನರ್ಸಮ್ಮೋರು ಬಂದ್ರು ಕಣೇ, ಚಾಪೆ ಆಕೇ!” ಎಂದು ಎದ್ದು ಬಂದರು. ನನ್ನ ಕೈಯಲ್ಲಿ ಹುಟ್ಟಿದ ಮಕ್ಕಳು ತಮ್ಮ ಮಕ್ಕಳನ್ನು ತೋರಿಸಿದರು. ಪ್ರಶ್ನೆ ಓದುವ ಮೊದಲೇ ಉತ್ತರ ಸಿದ್ಧವಿರುತ್ತಿತ್ತು. “ಚಂದ್ರಣ್ಣನ ಬಗ್ಗೆಯಾ? ಚೆಂದಾಗ್ ಮಾಡ್ತಾನೆ ಬುಡಿ, ಮ್ಯಾಲಿಂದಕ್ಕೇ ಆಕಳಿ.” ಮೇಲಿನದೆಂದರೆ ಅತ್ಯುತ್ತಮ. ಕಾರಣ ಏನು ಬರೆದುಕೊಳ್ಳಲಿ ಅಂದರೆ, ನಿಮಗೆ ತೋಚಿದ್ದು ಬರ್ಕಳಿ ಅನ್ನುತ್ತಿದ್ದರು. ನನಗೆ ತೋಚಿದ್ದಕ್ಕೇನು ಕೊರತೆ? ‘ಬಡವರ ಪರ ದನಿ’, ‘ಕಷ್ಟಕ್ಕೆ ಆಗುವವರು’ ಎಂದು ದುಂಡಗೆ ಬರೆದೆ. ಸಣ್ಣತಾಯಮ್ಮನ ಮನೆಗೂ ಹೋಗಿದ್ದೆ. ಆಕೆ ಕಾಫಿ ಕೊಟ್ಟು, ಕಾಗದವನ್ನು ಒಂದು ಗಳಿಗೆ ನೋಡಿ, “ನಾನೇನ್ ಯೇಳಾನೆ ನರ್ಸಮ್ಮ, ನೀವೇ ಬರ್ಕಳಿ” ಎಂದು ಒಲೆಯ ಕಡೆ ತಿರುಗಿದಳು. ಹೆತ್ತ ತಾಯಿಯಲ್ಲವೇ ಎಂದು ನಾನೇ ಮೊದಲ ಚೌಕಕ್ಕೆ ಗುರುತು ಹಾಕಿ, ಒಗ್ಗರಣೆಯ ಸದ್ದಿನಲ್ಲಿ ಇನ್ನೇನೂ ಕೇಳದೆ ಎದ್ದು ಬಂದೆ.

ಎರಡು ವಾರದ ಮೇಲೆ ಚಂದ್ರುವೇ ಫೋನು ಮಾಡಿದ. ನಾಲ್ಕು ತಾಲ್ಲೂಕಿನ ನಾಯಕರಲ್ಲಿ ಇವನಿಗೇ ಹೆಚ್ಚು ಮೆಚ್ಚುಗೆ ಬಂದಿದೆಯಂತೆ, ಮಿಕ್ಕ ಮೂವರು ಹತ್ತಿರಕ್ಕೂ ಇಲ್ಲವಂತೆ. ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದರೂ ಅವನ ಖುಷಿ ಯಜಮಾನರಿಗೆ ಕೇಳಿಸುತ್ತಿತ್ತು. “ಟಿಕೆಟ್ ಪಕ್ಕಾ ನರ್ಸಮ್ಮ! ನೀವು ಉಟ್ಸಿದ್ರಿ, ನೀವೇ ಗೆಲ್ಸಿದ್ರಿ. ಇನ್ನು ಕೈ ಕಟ್ಕೊಂಡು ಕೂರಕ್ಕಾಗಲ್ಲ. ಓಟಿನ ಖರ್ಚಿಗೆ ಕಾಲುವೆ ಬಯಲಿನ ಗದ್ದೆ ಮಾರಕ್ಕೆ ಮಾತಾಡ್ಬುಟ್ಟಿದ್ದೀನಿ, ಸೋಮವಾರ ರಿಜಿಸ್ಟ್ರು.” ಅವರ ಒಣಭೂಮಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತದೆ, ಮಾರುತ್ತದೆ, ಅಷ್ಟೇ. ಮನೆಗೆ ಅನ್ನ ಬರುವುದು ಆ ಕಾಲುವೆ ಬಯಲಿನ ಗದ್ದೆಯಿಂದ, ಗಂಡ ಸತ್ತ ಮೇಲೆ ಸಣ್ಣತಾಯಮ್ಮ ಒಬ್ಬಳೇ ನಾಟಿ ಹಾಕಿಸಿ ಕೊಯ್ಲು ಮಾಡಿಸಿ ಉಳಿಸಿಕೊಂಡ ನೆಲ. ನಿಮ್ಮವ್ವ ಏನಂದಳು ಅಂದೆ. “ಅವ್ವ ಏನಂತಾಳೆ, ನೀನೆಂಗ್ ಮಾಡಿದ್ರೂ ಸರಿ ಅಂದ್ಲು” ಎಂದು ನಕ್ಕ. ನಾನೂ ನಕ್ಕೆ. ಫೋನಿಟ್ಟ ಮೇಲೆ ಯಜಮಾನರು ಪತ್ರಿಕೆಯಿಂದ ಮುಖ ಎತ್ತದೆ ಒಂದೇ ಮಾತು ಕೇಳಿದರು: “ಇಷ್ಟು ವರ್ಷದಲ್ಲಿ ನಿನಗೆ ಯಾರಾದರೂ ಇಲ್ಲ ಅಂದದ್ದುಂಟೇನೇ?”

ಮಾತು ಕಡಿಮೆ ಇರುವವರ ಜೊತೆ ಸಂಸಾರ ಮಾಡುವುದರಲ್ಲಿ ಇದೊಂದು ಕಷ್ಟ, ಆಡಿದ ಒಂದು ಮಾತು ಮುಳ್ಳಿನಂತೆ ಚುಚ್ಚಿಕೊಂಡೇ ಇರುತ್ತದೆ. ಹುಣಸೂರಿನ ಸಂತೆಗೆ ತರಕಾರಿಗೆಂದು ಹೋದೆ. ಸೊಪ್ಪು ಮಾರುತ್ತ ಕೂತಿದ್ದ ಪುಟ್ಟಮ್ಮ, ಚಂದ್ರುವಿನ ಊರಿನವಳೇ, ಮೊದಲ ದಿನವೇ ಮೇಲಿನ ಚೌಕ ತುಂಬಿಸಿದವಳು, ನನ್ನನ್ನು ನೋಡಿ ಮುಖ ಅರಳಿಸಿದಳು. ನಾನು ಸುಮ್ಮನೆ, ಮಾತಿಗೆಂಬಂತೆ, ನಿಮ್ಮ ಚಂದ್ರಣ್ಣ ಗೆಲ್ಲುತ್ತಾನೆ ಬಿಡು ಅಂದೆ. ಅವಳು ಮೆಂತ್ಯದ ಕಟ್ಟು ಕೊಡವುತ್ತ ಕೈ ನಿಲ್ಲಿಸಿದಳು. “ಗೆಲ್ಲಾದಾ? ಅದ್ಯಾರಂದ್ರು ಅವ್ವ?” ನೀನೇ ಅಂದೆಯಲ್ಲ, ಅತ್ಯುತ್ತಮ ಅಂತ ಬರೆಸಿದೆಯಲ್ಲ ಎಂದೆ. “ಅಯ್, ಅದು ನಿಮ್ಗೆ ಕಣ್ರವ್ವ! ನಿಮ್ ಕೈಯಾಗ್ ಉಟ್ಟಿದ್ ಕೂಸು, ನೀವೇ ಬಂದು ಕೇಳ್ತಾ ಕುಂತಿದ್ದೀರಿ, ನಿಮ್ ಮಕದ್ ಮುಂದೆ ಸರೀಗಿಲ್ಲ ಅನ್ನಕ್ಕಾಯ್ತದಾ? ನಮ್ಗೂ ವಸಿ ಬುದ್ಧಿ ಅದೆ.” ಹೀಗೆಂದು ಮೆಂತ್ಯದ ಜೊತೆ ಒಂದು ಕಟ್ಟು ದಂಟು ಸುಮ್ಮನೆ ಚೀಲಕ್ಕೆ ಹಾಕಿದಳು, ಬೇಡವೆಂದರೂ ಕೇಳಲಿಲ್ಲ.

ಆ ‘ಊಂ’ ನನಗೆ ಚೆನ್ನಾಗಿ ಗೊತ್ತಿದ್ದ ಊಂ. ಮೂವತ್ತೇಳು ವರ್ಷ ಮಾತ್ರೆಯ ವಿಷಯದಲ್ಲಿ ನಂಬದ ಅದನ್ನು ಮಗುವಿನ ವಿಷಯದಲ್ಲಿ ಬಾಚಿ ನಂಬಿದ್ದೆ, ಏಕೆಂದರೆ ಈ ಸಲ ಕೇಳಬೇಕೆಂದಿದ್ದ ಮಾತನ್ನೇ ಅವರು ಹೇಳಿದ್ದರು. ಇದಕ್ಕಿಂತ ದೊಡ್ಡ ಮೂರ್ಖತನ ಇನ್ನೊಂದಿದ್ದರೆ ದಯವಿಟ್ಟು ತಿಳಿಸಿ, ಸ್ವಲ್ಪ ಸಮಾಧಾನವಾದೀತು. ತಮಾಷೆಯೆಂದರೆ, ಊರಿಗೆ ಊರೇ ಸುಳ್ಳು ಹೇಳಿತೆಂದು ದೂರುವ ಹಾಗೂ ಇಲ್ಲ. ಅವರು ಅವನನ್ನು ಅಳೆದಿರಲಿಲ್ಲ, ನನ್ನ ಮೇಲಿನ ಅಕ್ಕರೆಯನ್ನು ಅವನ ಹೆಸರಿನ ಕೆಳಗೆ ಬರೆಸಿದ್ದರು. ಪಕ್ಷದ ಕಚೇರಿಯಲ್ಲಿ ಯಾರೋ ದೊಡ್ಡವರು ಕನ್ನಡಕ ಏರಿಸಿ ನೋಡಿ ತಲೆದೂಗಿದ ಆ ಜನಪ್ರಿಯತೆ, ಸರಿಯಾಗಿ ನೋಡಿದರೆ, ಒಬ್ಬ ಮುದುಕಿ ನರ್ಸಿನದಾಗಿತ್ತು. ಟಿಕೆಟ್ ನನಗೇ ಕೊಡಬಹುದಿತ್ತು.

ನಾವು ರಕ್ತ ನೋಡುವಾಗ ಬಾಯಿಯ ಮಾತಿಗೆ ಹೋಗುವುದಿಲ್ಲ, ಬೆರಳ ತುದಿಗೆ ಸೂಜಿ ಚುಚ್ಚಿ ಒಂದು ಹನಿ ತೆಗೆಯುತ್ತೇವೆ. ಬಾಯಿ ಎಷ್ಟೇ ಊಂ ಅನ್ನಲಿ, ಹನಿ ತನ್ನ ಬಣ್ಣವನ್ನು ತೋರಿಸಿಬಿಡುತ್ತದೆ. ಮನಸ್ಸಿನ ಮೆಚ್ಚುಗೆಗೂ ಅಂಥ ಒಂದು ಸೂಜಿ ಇದ್ದಿದ್ದರೆ ಎಂದು ಆ ದಿನ ಯೋಚಿಸುತ್ತ ಬಂದೆ. ಇಲ್ಲವೆನ್ನಲಾಗದು, ಮತಗಟ್ಟೆಯಲ್ಲೂ ಬೆರಳೇ; ಅಲ್ಲಿ ಶಾಯಿ ಹಚ್ಚಿಸಿಕೊಂಡು ಮರೆಗೆ ಹೋದ ಮೇಲೆ ನೀರು ಕೊಡುವವರಿಲ್ಲ, ಬೆಲ್ಲ ಕೊಡುವವರಿಲ್ಲ, ಮುಖ ನೋಡಬೇಕಾದವರಿಲ್ಲ. ನಮ್ಮ ಕಡೆಯ ಜನ ತಮ್ಮ ನಿಜವನ್ನು ಆ ರಟ್ಟಿನ ಮರೆಗೆಂದು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಅಲ್ಲಿಯವರೆಗೆ ಎಲ್ಲ ಪಕ್ಷದವರಿಗೂ ಮಜ್ಜಿಗೆ ಕೊಡುತ್ತಾರೆ, ಎಲ್ಲರಿಗೂ ನೀವೇ ಗೆಲ್ಲಾದು ಅನ್ನುತ್ತಾರೆ, ಹೇಳುವಾಗ ಅವರ ಮುಖದಲ್ಲಿ ಕಪಟ ಹುಡುಕಿದರೂ ಸಿಗದು. ಆದರೆ ಚುನಾವಣೆಯವರೆಗೆ ಕಾಯಲು ನನಗೆ ವ್ಯವಧಾನವಿರಲಿಲ್ಲ. ಅವನ ಗದ್ದೆಯ ರಿಜಿಸ್ಟ್ರಿಗೆ ಇನ್ನು ಐದು ದಿನವಿತ್ತು.

ಮೇಲ್ವಿಚಾರಕನಿಗೆ ಫೋನು ಮಾಡಿ, ನನ್ನ ಹಾಳೆಗಳನ್ನು ಒಲೆಗೆ ಹಾಕಿ ಎಂದೆ. ಅವನು ಗಾಬರಿಯಾದ. ಕಳುಹಿಸಿ ಆಗಿದೆ, ಇನ್ನು ಹಿಂದಕ್ಕೆ ತರಲಾಗದು, ಬೇಕಿದ್ದರೆ ಎರಡನೆಯ ಸುತ್ತಿನ ಪರಿಶೀಲನೆಯಲ್ಲಿ ನೀವು ಬೇರೆಯೊಬ್ಬರ ಜೊತೆ ತಾಲ್ಲೂಕು ಬದಲಾಯಿಸಿಕೊಳ್ಳಿ ಎಂದು ಒಪ್ಪಿದ. ಎಚ್.ಡಿ. ಕೋಟೆಯ ಕಡೆ ಇದೇ ಕೆಲಸ ಮಾಡುತ್ತಿದ್ದ ಸರೋಜ ಎಂಬಾಕೆ, ಎರಡು ಮಕ್ಕಳ ತಾಯಿ, ಚುರುಕು ಹೆಂಗಸು, ನನ್ನ ಊರುಗಳಿಗೆ ಬಂದಳು. ನಾನು ಅವಳ ಕಡೆಗೆ ಹೋದೆ. ಅಲ್ಲಿ ನನಗಾದದ್ದನ್ನು ಹೇಳಲೇಬೇಕು. ಯಾರೂ ಚಾಪೆ ಹಾಕಲಿಲ್ಲ. ಒಂದು ನಾಯಿ ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಬಂತು. ಬೇಲಿಯಾಚೆ ನಿಂತೇ ಒಬ್ಬಾತ “ಬರ್ಕಳಿ, ದಂಡ ನನ್ ಮಗ, ಆನೆ ಬಂದ್ ಬಾಳೆ ತುಳ್ದಾಗ ಒಂದಪಾನೂ ತಲೆ ಆಕ್ನಿಲ್ಲ” ಎಂದು ಅಲ್ಲಿಯ ನಾಯಕನನ್ನು ಉಗಿದು, ಐದನೆಯ ಚೌಕದ ಕೆಳಗೆ ಇನ್ನೊಂದು ಚೌಕ ಇಲ್ಲವೇ ಎಂದು ಕೇಳಿದ. ಎಂಥ ಸುಖ ಅದು! ಯಾರ ಮಗಳೂ ಅಲ್ಲದೆ, ಯಾರ ನರ್ಸಮ್ಮನೂ ಅಲ್ಲದೆ, ಬರೀ ಒಂದು ಪೆನ್ನಾಗಿ ನಿಂತಿದ್ದೆ. ಬಾಯಾರಿಕೆಯಾದಾಗ ಮಾತ್ರ ನನ್ನ ಊರುಗಳ ನೆನಪಾಗುತ್ತಿತ್ತು.

ಶನಿವಾರ ಮಧ್ಯಾಹ್ನ ಸರೋಜ ನಮ್ಮ ಮನೆಗೆ ಬಂದು, ಊಟ ಮಾಡಿ, ಹಾಳೆಗಳ ಕಟ್ಟು ಮುಂದಿಟ್ಟಳು. ನಾನು ಒಂದೊಂದೇ ತಿರುವಿದೆ. ಅದೇ ಊರು, ಅದೇ ಜಗುಲಿಗಳು. ಮೇಲಿನ ಚೌಕ ಅಲ್ಲೊಂದು ಇಲ್ಲೊಂದು. ಗುರುತುಗಳೆಲ್ಲ ಸಾಧಾರಣ, ಕಳಪೆಗಳಿಗೆ ಇಳಿದು ಕೂತಿದ್ದವು. ಕಾರಣದ ಗೆರೆಗಳೂ ಈ ಸಲ ಅವರವರ ಮಾತಿನಲ್ಲೇ ತುಂಬಿದ್ದವು. ‘ಫೋಟೋಗೆ ಬರ್ತಾನೆ.’ ‘ಆಸ್ಪತ್ರೆಗೆ ಡಾಕ್ಟರು ಬೇಕು ಅಂತ ಅರ್ಜಿ ಇಸ್ಕೊಂಡೋದ, ಆಮೇಲೆ ಸುದ್ದಿ ಇಲ್ಲ.’ ‘ಗಂಟಲು ಅದೆ, ಕೆಲಸ ಇಲ್ಲ.’ ‘ಒಳ್ಳೆ ಹುಡುಗ, ಇನ್ನೂ ಕಲೀಬೇಕು.’ ದ್ವೇಷ ಎಲ್ಲೂ ಇರಲಿಲ್ಲ, ನನಗೆ ಹೊಟ್ಟೆ ಉರಿಸಿದ್ದು ಅದೇ. ಎಲ್ಲವೂ ನಾನೇ ಬರೆಯಬಹುದಾಗಿದ್ದ ಮಾತುಗಳು. ಆಗ ಒಂದು ಹಾಳೆ ಬಂತು. ‘ಅತಿ ಕಳಪೆ’ಗೆ ಗುರುತು. ವಯಸ್ಸು ಅರವತ್ತೊಂದು. ಕಾರಣ: ‘ಗದ್ದೆ ಮಾರ್ತಾನೆ. ಓಟಿಗೆ ನಿಲ್ಲದಂಗೆ ಮಾಡಿ.’

ಇದು ಯಾರಮ್ಮ ಎಂದೆ. ಹೆಸರು ಕೇಳುವ ಹಾಗಿಲ್ಲವಲ್ಲ ಮೇಡಂ ಎಂದು ಸರೋಜ ಆ ಮನೆಯನ್ನು ನೆನಪಿಸಿಕೊಂಡಳು. “ಒಬ್ರೇ ಇದ್ರು. ಒಳಗೆ ಕರ್ದು, ಬಾಗ್ಲು ಮುಂದಕ್ಕೆ ಮಾಡಿ, ಎಲ್ಲಿಯೋಳವ್ವ ನೀನು ಅಂದ್ರು. ಕೋಟೆ ಅಂದೆ. ಇಲ್ಲಿ ಯಾರಾದ್ರೂ ನೆಂಟ್ರು ಅವ್ರಾ ಅಂದ್ರು. ಇಲ್ಲ ಅಂದ್ಮೇಲೆ ಕುಂತ್ಕೊಂಡ್ರು. ಇದನ್ನ ಯಾರ್ ಓದ್ತಾರೆ ಅಂತ ಎರಡು ಸಲ ಕೇಳಿದ್ರು. ದೊಡ್ಡೋರು ಓದ್ತಾರೆ ಅಂದೆ. ಹಂಗಾರೆ ಬರ್ಕೊ ಅಂದ್ರು. ಬರ್ಕೊಂಡ್ಮೇಲೆ ಓದ್ಸಿ ಕೇಳಿದ್ರು. ಏಳೋವಾಗ ಗೋಡೇಲಿ ಫೋಟೋ ನೋಡಿದೆ ಮೇಡಂ, ಅದೇ ಲೀಡರ್ರು, ಹಾರ ಹಾಕಿಸ್ಕೊಂಡಿರೋದು.”

ಬೇರೆಯವರ ಮನೆಯ ಗುಟ್ಟನ್ನು ನಾನು ಎಂದೂ ಹೊರಗೆ ಹಾಕಿದವಳಲ್ಲ. ಆ ಕೆಲಸದಲ್ಲಿ ನಾಲಗೆ ಸಡಿಲವಾದರೆ ಮುಂದಿನ ಮನೆಯ ಬಾಗಿಲು ತೆರೆಯುವುದಿಲ್ಲ. ಸಣ್ಣತಾಯಮ್ಮ ಮಗನಿಗೆ ಹೇಳಲಾರದ್ದನ್ನು, ನನಗೂ ಹೇಳಲಾರದ್ದನ್ನು, ಗುರುತು ಪರಿಚಯವಿಲ್ಲದವಳ ಮೂಲಕ ಎಲ್ಲೋ ಇರುವ ದೊಡ್ಡವರಿಗೆ ಬರೆಸಿದ್ದಳು. ನಾನು ಕೇಳಿದಾಗ ಒಲೆಯ ಕಡೆ ತಿರುಗಿದ್ದು ಯಾಕೆಂದು ಈಗ ಹೊಳೆಯಿತು. ನನ್ನೆದುರು ಬೆನ್ನು ಮಾಡಿ ನಿಂತವಳನ್ನು ನಾನು ‘ಅತ್ಯುತ್ತಮ’ ಎಂದು ಬರೆದುಕೊಂಡು ಬಂದಿದ್ದೆ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಚಂದ್ರು ಪಂಚೆಯಲ್ಲೇ ಜಗುಲಿಯ ಮೇಲೆ ಕೂತು ರಿಜಿಸ್ಟ್ರಿಯ ಕಾಗದಗಳನ್ನು ಜೋಡಿಸುತ್ತಿದ್ದ. ಸಣ್ಣತಾಯಮ್ಮ ಬಾಗಿಲ ಮರೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನು ಎದ್ದು ಕಾಲಿಗೆ ಬಿದ್ದ. ಕೂತ್ಕೊಳ್ಳಪ್ಪ, ಒಂದು ಮಾತಿದೆ ಅಂದೆ. ಅತ್ಯುತ್ತಮವೆಲ್ಲ ನನ್ನ ಮುಖ ನೋಡಿ ಬರೆಸಿದ್ದು, ನಾನು ಬುದ್ಧಿಗೆಟ್ಟು ನಂಬಿದ್ದು, ಬೇರೆಯವರು ಕೇಳಿದಾಗ ಬಂದ ಉತ್ತರವೇ ಬೇರೆ ಎಂದು ಒಂದೂ ಬಿಡದೆ ಹೇಳಿದೆ. ಒಂದು ಹಾಳೆಯ ವಿಷಯ ಬಿಟ್ಟು. ಅವನ ಮುಖ ಸಣ್ಣದಾಯಿತು. ಆ ಗಂಟಲಿನಿಂದ ಅಷ್ಟು ಮೆಲ್ಲನೆಯ ದನಿ ಬರಬಹುದೆಂದು ನಾನು ಎಣಿಸಿರಲಿಲ್ಲ.

“ಜನ ಬುಡಿ. ನೀವೆಲ್ಲಿಗೆ ಆಕ್ತಿದ್ರಿ ನರ್ಸಮ್ಮ? ಐದ್ರಲ್ಲಿ?”

ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಅವನು ಎದುರು ಕೂತು ಕೇಳುತ್ತಿದ್ದ, ನನ್ನ ಕೈಯಲ್ಲಿ ಮೊದಲು ಅತ್ತ ಮಗು. ಊಂ ಅಂದುಬಿಡುವುದು ಎಷ್ಟು ಸುಲಭ, ಎಷ್ಟು ಮರ್ಯಾದೆಯ ಕೆಲಸ ಎಂದು ಆಗ ನನಗೆ ತಿಳಿಯಿತು.

“ಸಾಧಾರಣ ಕಣಪ್ಪ,” ಅಂದೆ. ಅಂದ ಮೇಲೆ ನಿಲ್ಲಿಸಲಾಗಲಿಲ್ಲ. “ನಾನಿದ್ದ ಆಸ್ಪತ್ರೆಗೇ ಡಾಕ್ಟರಿಲ್ಲ ಅಂತ ಅರ್ಜಿ ಇಸ್ಕೊಂಡು ಹೋದೆ. ಮೆರವಣಿಗೆ ಮಾಡಿದೆ, ಪೇಪರಿನಲ್ಲಿ ಬಂತು, ಆಮೇಲೆ ಆ ಕಡೆ ತಲೆ ಹಾಕಿದೆಯಾ? ಲೀಡರ್ ಆದ ಮೇಲೆ ಮೂರು ಸಲ ನಮ್ಮ ಮನೆಗೆ ಬಂದೆ. ಮೂರು ಸಲಾನೂ ಫೋಟೋ ಹೊಡೆಯೋನು ಜೊತೆಗಿದ್ದ. ಕೂಗೋದು ನಿಂಗೆ ಹುಟ್ಟಿನಿಂದ ಬಂದಿದೆ. ಕೇಳಿಸ್ಕೊಳ್ಳೋದು ಇನ್ನೂ ಬಂದಿಲ್ಲ. ಬರುತ್ತೆ, ಬರಲ್ಲ ಅಂತ ನಾನು ಹೇಳಲ್ಲ. ಆದ್ರೆ ನನ್ನ ಮರ್ಯಾದೆ ನಂಬ್ಕೊಂಡು ನೀನು ಗದ್ದೆ ಮಾರ್ಬೇಡ.”

ಅವನು ಕಾಗದಗಳ ಅಂಚನ್ನು ಸರಿಮಾಡಿ ಜೋಡಿಸಿದ. ಸಿಟ್ಟು ಬಂದಿತ್ತು, ಕಣ್ಣೂ ತುಂಬಿತ್ತು. ಕೊನೆಗೆ ಬಾಗಿಲ ಕಡೆ ತಿರುಗಿದ. ತಾಯಿಯನ್ನು ಹಾಗೆ ತಿರುಗಿ ಕೇಳಿದ್ದು ಅದೇ ಮೊದಲೋ ಏನೋ, ಮೊರ ಆಡಿಸುತ್ತಿದ್ದ ಕೈ ನಿಂತುಹೋಯಿತು.

“ಅವ್ವಾ. ನೀನೇನಂತೀಯಾ?”

ಸಣ್ಣತಾಯಮ್ಮ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮತ್ತೆ ಮೊರದ ಕಡೆ ಬಗ್ಗಿ, “ನಾನೇನ್ ಯೇಳಾನೆ ಮಗ, ನೀನೆಂಗ್ ಮಾಡಿದ್ರೂ ಸರಿ” ಅಂದಳು.

ಸಿಟ್ಟಿನ ನರ್ಸೆಂದು ನಾನು ಹೆಸರಾದದ್ದು ಸುಮ್ಮನೆ ಅಲ್ಲ. ಎದ್ದು ಹೋಗಿ ಅವಳ ಕೈಯಿಂದ ಮೊರ ಇಸಕೊಂಡು ಪಕ್ಕಕ್ಕಿಟ್ಟೆ. “ಸಣ್ಣತಾಯಿ, ಅವನ ಕೈಯಲ್ಲಿ ಪೆನ್ನಿಲ್ಲ, ಚೌಕದ ಕಾಗದ ಇಲ್ಲ. ನಿನ್ನ ಮಗ ಕೇಳ್ತಾ ಇದ್ದಾನೆ. ಮೂವತ್ತೊಂಬತ್ತು ವರ್ಷಕ್ಕೆ ಒಂದ್ಸಲ ಕೇಳ್ತಾ ಇದ್ದಾನೆ.”

ಆಕೆ ನನ್ನ ಮುಖವನ್ನೇ ದಿಟ್ಟಿಸಿದಳು. ನನಗೆ ಗೊತ್ತಿದೆ ಎಂಬುದು ಅವಳಿಗೆ ಗೊತ್ತಾಯಿತು. ತುಟಿ ಎರಡು ಸಲ ಅಲುಗಿ, ಮೂರನೆಯ ಸಲಕ್ಕೆ ಮಾತು ಬಂತು.

“ಮಾರ್ಬ್ಯಾಡ ಕಣ್ಲಾ.”

ಚಂದ್ರು ಜಗುಲಿಯಿಂದ ಇಳಿದು, ಬಾಗಿಲಿಗೆ ಬಂದು, ಹೊಸ್ತಿಲ ಈಚೆ ಕುಕ್ಕರುಗಾಲಲ್ಲಿ ಕೂತ. “ಇನ್ನೂ ಏನವ್ವ? ಯೇಳು” ಅಂದ. ಆಕೆ ಹೇಳತೊಡಗಿದಳು, ಮೊದಲು ಗದ್ದೆಯ ಮಾತು, ಆಮೇಲೆ ಅವನು ಮನೆಯಲ್ಲಿ ಉಣ್ಣದ ದಿನಗಳ ಮಾತು, ಆಮೇಲೆ ಅವನ ಅಪ್ಪನ ಮಾತು. ನಾನು ಕೊಡೆ ತೆಗೆದುಕೊಂಡು ಬಸ್ಸಿಗೆ ನಡೆದೆ.